ಕೈ ಹಿಡಿಯುವವಳಿಗೊಂದು ಸೌನಾ

ಡೆರಿಕ್ ಕಂಗಾಸ್ ಕೆಟ್ಟವನಲ್ಲ. ನಮ್ಮೂರಿನ ಶಾಲಾ ಬಸ್ಸು ಓಡಿಸುವವನು. ಎದೆಯೆತ್ತರ ಹಿಮ ಬಿದ್ದ ದಿನವೂ ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಶಾಲೆ ಮುಟ್ಟಿಸುವವನು. ಆದರೆ ರಕ್ತ ಕಂಡರೆ ಅವನಿಗಾಗದು. ಮೊದಲ ಮಗಳು ಹುಟ್ಟುವಾಗ ಹೆಂಡತಿ ಹೈಡಿಯ ಕೈ ಹಿಡಿದು ನಿಂತಿದ್ದವನು ಕಡೆಯ ಗಳಿಗೆಯಲ್ಲಿ ಕಡಿದ ಮರದ ಹಾಗೆ ಹಿಂದಕ್ಕೆ ಬಿದ್ದ. ಬೀಳುವಾಗ ಉಪಕರಣಗಳ ಟ್ರೇಯನ್ನೂ ಜೊತೆಗೆ ಕರೆದುಕೊಂಡು ಹೋದ. ಕೋಣೆಯಲ್ಲಿದ್ದ ನರ್ಸುಗಳೆಲ್ಲ ಅವನತ್ತ ಓಡಿದರು. ಅವನ ಹಣೆಗೆ ಹೊಲಿಗೆ ಬೀಳುವಷ್ಟು ಹೊತ್ತೂ ಹೈಡಿ ಗೋಡೆ ನೋಡುತ್ತ ಒಬ್ಬಳೇ ನೋವು ತಿಂದಳು.

ಹೀಗಾಗಿ ಎರಡನೆಯ ಸಲ ಬಸುರಿಯಾದಾಗ ಅವಳು ಸ್ಪಷ್ಟವಾಗಿ ಹೇಳಿದಳು: "ಈ ಸಲ ನಂಗೊಂದು ಡೂಲಾ ಬೇಕು."

"ಅದನ್ನ ಎಲ್ಲಿ ಮಾರ್ತಾರೆ?" ಎಂದ ಡೆರಿಕ್.

ಡೂಲಾ ಎಂದರೆ ಸೂಲಗಿತ್ತಿಯಲ್ಲ, ನರ್ಸೂ ಅಲ್ಲ. ಹೆರುವವಳ ಪಕ್ಕ ಮೊದಲಿಂದ ಕೊನೆಯವರೆಗೆ ಕೂತು, ಸೊಂಟ ಒತ್ತಿ, ಬೆವರು ಒರಸಿ, ಧೈರ್ಯ ಹೇಳುವ ಹೆಂಗಸು. ಕೈ ಹಿಡಿದವನು ನೆಲಕ್ಕೆ ಬಿದ್ದ ಮೇಲೆ ಕೈ ಹಿಡಿಯುವವಳೊಬ್ಬಳನ್ನು ಗೊತ್ತುಮಾಡಿಕೊಳ್ಳುವುದು ನ್ಯಾಯವೇ. ತೊಡಕು ಎಂದರೆ ಅವಳ ಸಂಬಳ. ಬೇಸಿಗೆಯಲ್ಲಿ ಶಾಲೆ ಮುಚ್ಚಿರುತ್ತದೆ, ಬಸ್ಸು ನಿಂತಿರುತ್ತದೆ, ಬಸ್ಸಿನ ಜೊತೆ ಡೆರಿಕ್‌ನ ಪಗಾರವೂ ನಿಂತಿರುತ್ತದೆ.

ಅವನು ವಿಮೆಯವರಿಗೆ ಫೋನು ಮಾಡಿದ. ಆ ಕಡೆಯ ಹುಡುಗಿ ಬಹಳ ಮರ್ಯಾದಸ್ಥೆ.

"ಡೂಲಾಗೆ ನಿಮ್ಮ ಯೋಜನೇಲಿ ಏನೂ ಇಲ್ಲ ಸರ್. ಸಿಗರೇಟು ಬಿಡೋದಕ್ಕಾದ್ರೆ ಕೊಡ್ತೀವಿ."

"ನಾನು ಸಿಗರೇಟು ಸೇದಲ್ಲ."

"ಹಾಗಾದ್ರೆ ಅದೂ ಸಿಗಲ್ಲ ಸರ್. ಇನ್ನೇನಾದ್ರೂ ಸಹಾಯ ಮಾಡಬಹುದಾ?"

ಡೆರಿಕ್ ತನ್ನ ಹಿಮದ ಸ್ಕೂಟರನ್ನು ಮಾರಲು ಅಂಗಳದಲ್ಲಿ ನಿಲ್ಲಿಸಿದ. ಜೂನ್ ತಿಂಗಳ ಬಿಸಿಲಿನಲ್ಲಿ ಅದನ್ನು ನೋಡಿ ಹೋದವರು ಸೊಳ್ಳೆಗಳು ಮಾತ್ರ. ಕೊನೆಗೆ ಹೈಡಿಯೇ ಉಪಾಯ ಹೂಡಿದಳು. ಬಸುರಿಗೆ ಉಡುಗೊರೆ ಕೊಡುವ ಸಮಾರಂಭಕ್ಕೆ ನೆಂಟರನ್ನು ಕರೆಯುವಾಗ, 'ಬೇರೇನೂ ಬೇಡ, ಎಲ್ಲರೂ ಸೇರಿ ನನಗೊಂದು ಡೂಲಾ ಕೊಡಿಸಿ' ಎಂದು ಹೇಳಿ ಕಳಿಸಿದಳು. ನೆಂಟರು ಪ್ರೀತಿಯ ಜನ. ಪೇಟೆಯ ಅಂಗಡಿ ಅಂಗಡಿ ಸುತ್ತಿದರು. ಸಮಾರಂಭದ ದಿನ ಒಬ್ಬೊಬ್ಬರೇ ಮಕ್ಕಳ ತಳ್ಳುಗಾಡಿ ತಳ್ಳಿಕೊಂಡು ಬಂದರು.

"ಡೂಲಾ ಎಲ್ಲೂ ಸಿಗಲಿಲ್ಲ ಕಣಮ್ಮ," ಎಂದಳು ಡೆರಿಕ್‌ನ ಚಿಕ್ಕಮ್ಮ. "ಇದು ಅದಕ್ಕಿಂತ ಗಟ್ಟಿ ಅಂದ ಅಂಗಡಿಯವನು."

ಡೂಲಾ ಎಂದರೆ ಏನೆಂದು ಹೈಡಿ ಅಲ್ಲೇ ಎಲ್ಲರಿಗೂ ವಿವರಿಸಬೇಕಾಯಿತು. ಅವಳ ತಾಯಿ ವರ್ನಾ ಸಾಲ್ಮೆಲಾ ಕೈಯಲ್ಲಿದ್ದ ಕೇಕು ಕೆಳಗಿಟ್ಟಳು.

"ನಾಲ್ಕು ಹೆತ್ತಿದ್ದೀನಿ ನಾನು. ಯಾವ ಬಾಡಿಗೆ ಹೆಂಗಸೂ ಬಂದು ನನ್ನ ಕೈ ಹಿಡೀಲಿಲ್ಲ."

"ದುಡ್ಡು ಕೊಟ್ಟು ಕೈ ಹಿಡಿಸಿಕೊಳ್ಳೋದಾ?" ಎಂದ ಅವಳಪ್ಪ ರೈನೋ. ರೈನೋ ಹಳೆಯ ಕಾಲದ ಬಡಗಿ. ನಮ್ಮ ಸೀಮೆಯಲ್ಲಿ ಅರ್ಧಕ್ಕರ್ಧ ಮನೆಗಳು ಅವನ ಕೈಯಲ್ಲಿ ಎದ್ದಂಥವು. ಅವನು ಯೋಗ್ಯ ಎಂದರೆ ಯೋಗ್ಯ, ಅಲ್ಲ ಎಂದರೆ ಅಲ್ಲ.

"ಆಯ್ತು ಬಿಡಿ, ಬೇಡ," ಎಂದಳು ಹೈಡಿ. ಮಾರನೆಯ ದಿನವೇ ಗಂಡನನ್ನು ಕಟ್ಟಿಕೊಂಡು ಕೊರಿನ್ ಬೋಶಾಂಳ ಮನೆಗೆ ಹೋದಳು.

ಕೊರಿನ್ ಆ ವರ್ಷವಷ್ಟೇ ದಕ್ಷಿಣದಿಂದ ಬಂದು ಸರೋವರದ ರಸ್ತೆಯಲ್ಲಿ ಮನೆ ಹಿಡಿದಿದ್ದಳು. ನಲವತ್ತು ದಾಟಿದ, ಒಂಟಿ ಹೆಂಗಸು. ಹೊತ್ತಲ್ಲದ ಹೊತ್ತಿನಲ್ಲಿ ಕಾರು ತೆಗೆದುಕೊಂಡು ಹೋಗುತ್ತಾಳೆ, ನಿದ್ದೆಗಣ್ಣಿನಲ್ಲಿ ವಾಪಸು ಬರುತ್ತಾಳೆ ಎಂಬಷ್ಟು ಮಾತ್ರ ನಮ್ಮೂರಿಗೆ ಗೊತ್ತಿತ್ತು. ಯಾಕೆ ಹೋಗುತ್ತಾಳೆ ಎಂದು ಅವಳನ್ನೇ ಕೇಳುವಷ್ಟು ಒರಟರು ನಾವಲ್ಲ. ಅವಳು ಡೂಲಾ ಎಂದು ಪತ್ತೆಮಾಡಿದ್ದವಳು ಹೈಡಿ ಒಬ್ಬಳೇ.

ಕೊರಿನ್ ಹೈಡಿಯ ಕಥೆ ಪೂರ್ತಿ ಕೇಳಿದಳು. "ದುಡ್ಡೇ ಆಗಬೇಕು ಅಂತಿಲ್ಲ," ಎಂದಳು. "ಒಬ್ಬರು ಚಳಿಗಾಲಕ್ಕೆಲ್ಲ ಸೌದೆ ಹಾಕಿಸಿಕೊಟ್ರು. ಇನ್ನೊಬ್ಬರು ಜಿಂಕೆ ಮಾಂಸ ಕೊಟ್ರು. ನಿನಗೇನು ಬರುತ್ತೆ ಡೆರಿಕ್?"

ಬಸ್ಸು ಓಡಿಸಲು ಬರುತ್ತದೆ ಎಂದು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ಈ ಊರಲ್ಲಿ ಎಲ್ಲರ ಹಿತ್ತಿಲಲ್ಲೂ ಸೌನಾ ಇದೆ," ಎಂದು ಕೊರಿನ್ ಮುಂದುವರಿಸಿದಳು. "ಕಾದ ಕಲ್ಲಿಗೆ ನೀರು ಹೊಯ್ದು ಬೆವರಿಳಿಸಿಕೊಂಡು ಶನಿವಾರ ಎಲ್ಲ ಕೆಂಪಗಾಗಿ ಓಡಾಡ್ತೀರಿ. ನಾನೊಬ್ಬಳೇ ಟಬ್ಬಲ್ಲಿ ಕೂತಿರ್ತೀನಿ."

ಡೆರಿಕ್‌ನ ಬೆನ್ನು ನೆಟ್ಟಗಾಯಿತು. "ಸೌನಾನಾ? ಕಂಗಾಸ್ ಮನೆತನಕ್ಕೆ ಅದು ರಕ್ತದಲ್ಲೇ ಬಂದಿದೆ. ನಮ್ಮಜ್ಜನ ಸೌನಾ ಇವತ್ತಿಗೂ ಬಂಡೆ ಥರ ನಿಂತಿದೆ."

ಹೈಡಿ ಗಂಡನ ಮುಖ ನೋಡಿದಳು. ಆತ ಗೋಡೆಗೆ ಹೊಡೆದಿದ್ದ ಪುಸ್ತಕದ ಶೆಲ್ಫು ಪುಸ್ತಕ ಇಡುವ ಮೊದಲೇ ಬಿದ್ದದ್ದನ್ನು ಕಣ್ಣಾರೆ ಕಂಡವಳು ಅವಳು. ಆದರೆ ಡೂಲಾ ಬೇಕಾಗಿತ್ತು; ಬಾಯಿ ಮುಚ್ಚಿಕೊಂಡಳು. ಹೊರಗೆ ಬಂದ ಮೇಲೆ ಒಂದೇ ಮಾತು ಹೇಳಿದಳು: "ಅಪ್ಪ ಅಮ್ಮನ ಕಿವಿಗೆ ಬೀಳಬಾರದು. ಮಗು ಹುಟ್ಟೋವರೆಗೂ."

ಅಂದಿನಿಂದ ಡೆರಿಕ್ ಸಂಜೆ ಊಟ ಮುಗಿಸಿದವನೇ ಟ್ರಕ್ಕು ಹತ್ತಿ ಕೊರಿನ್‌ಳ ಮನೆಗೆ ಹೋಗತೊಡಗಿದ. ಅವನ ಟ್ರಕ್ಕು ನೀಲಿ, ಒಂದು ಬಾಗಿಲು ಮಾತ್ರ ಕಿತ್ತಳೆ. ಗುಟ್ಟಿನ ಕೆಲಸಕ್ಕೆ ಹೇಳಿ ಮಾಡಿಸಿದ ವಾಹನವಲ್ಲ. ಮೊದಲು ನೋಡಿದವಳು ಲೊರೇನ್ ಟುವೋಮಿ, ಬೇಕರಿಯವಳು.

"ಹೆಂಡತಿಗೆ ತುಂಬು ತಿಂಗಳು," ಎಂದು ಅವಳು ಬಂದವರಿಗೆಲ್ಲ ಕಾಫಿ ಬಗ್ಗಿಸುತ್ತ ಹೇಳುತ್ತಿದ್ದಳು. "ಇವನ ಟ್ರಕ್ಕು ಅಲ್ಲಿ. ನಾನೇನೂ ಹೇಳಲ್ಲಪ್ಪ. ಆದರೆ ಆ ಕೊರಿನ್ ಮೊದಲು ಒಂದು ಮಾಂಸದ ಪ್ಯಾಸ್ಟಿ ಕೊಳ್ತಿದ್ದಳು. ಈಗ ಎರಡು ಕೊಳ್ತಾಳೆ."

ಇದಾದ ಮೇಲೆ ಡೆರಿಕ್ ನನ್ನ ಅಂಗಡಿಗೆ ಬಂದ. ನನ್ನದು ಮೊಳೆ, ಬಣ್ಣ, ಕೀಲುಗಳ ಅಂಗಡಿ. ಅವನು ಆಚೀಚೆ ನೋಡಿ ದನಿ ತಗ್ಗಿಸಿ ಕೇಳಿದ: "ಇಬ್ಬರು ಆರಾಮಾಗಿ ಮಲಗೋ ಹಾಗೆ ಬೆಂಚು ಬೇಕು ಅಂದ್ರೆ ಎಷ್ಟು ಅಗಲ ಇರಬೇಕು?"

ಬಣ್ಣದ ಡಬ್ಬಿಗಳ ಹಿಂದೆ ಏನೋ ಬಿದ್ದ ಸದ್ದಾಯಿತು. ಲೊರೇನ್ ಅಲ್ಲಿ ಬಿಳಿ ಬಣ್ಣ ಆರಿಸುತ್ತಿದ್ದಳು.

ಸಾಲದ್ದಕ್ಕೆ ಅವನಿಗೆ ಆಗಲೇ ಫೋನು ಬಂತು. "ಹೂಂ ಕೊರಿನ್," ಎಂದ ಡೆರಿಕ್. "ನಿನ್ನೆ ಬಾಗಿಲು ಸರಿಯಾಗಿ ಹಾಕಿಕೊಳ್ಳಲಿಲ್ಲ, ಅದಕ್ಕೇ ಎಲ್ಲ ಹೊರಗೆ ಬಂತು. ಇವತ್ತು ಗಟ್ಟಿಯಾಗಿ ಹಾಕೋಣ." ಅವನು ಹೇಳಿದ್ದು ಒಲೆಯ ಹೊಗೆಯ ಸಂಗತಿ. ಲೊರೇನ್ ಬಣ್ಣ ತೆಗೆದುಕೊಳ್ಳದೆಯೇ ಹೊರಟುಹೋದಳು.

ಆ ವಾರದ ಪ್ರಾರ್ಥನೆ ಮುಗಿದ ಮೇಲೆ ಪಾಸ್ಟರ್ ಹಾಲ್ವರ್ಸನ್ ಡೆರಿಕ್‌ನನ್ನು ಪಕ್ಕಕ್ಕೆ ಕರೆದರು. ಅವರು ಮೃದು ಮನುಷ್ಯ. ಮುಂದೆ ನಡೆದ ಮಾತುಕತೆಯನ್ನು ಎಷ್ಟೋ ದಿನಗಳ ನಂತರ ಅವರೇ ಕಣ್ಣೀರು ಬರುವಷ್ಟು ನಕ್ಕು ನನಗೆ ಹೇಳಿದರು. ಅವತ್ತು ಮಾತ್ರ ನಕ್ಕಿರಲಿಲ್ಲ.

"ಕೊರಿನ್ ಮನೆಗೆ ಹೋಗ್ತಾ ಇದ್ದೀಯಂತೆ, ಡೆರಿಕ್."

ಡೆರಿಕ್ ಬೆಚ್ಚಿಬಿದ್ದ. "ಪಾಸ್ಟರ್, ದಯವಿಟ್ಟು ನಮ್ಮ ಮಾವನಿಗೆ ಹೇಳಬೇಡಿ."

"ಹೇಳಲ್ಲ. ಯಾವಾಗಿಂದ ಇದು?"

"ಶಾಲೆ ಮುಚ್ಚಿದಾಗಿಂದ. ಶುರು ಮಾಡುವಾಗ ಸುಲಭ ಅನ್ನಿಸ್ತು. ಈಗ ನೋಡಿದ್ರೆ ಕುತ್ತಿಗೆಗೆ ಬಂದಿದೆ."

"ಬಂದೇ ಬರುತ್ತೆ. ಇಂಥದ್ದಕ್ಕೆಲ್ಲ ಅಡಿಪಾಯ ಅನ್ನೋದು ಇರಲ್ಲ."

"ಅದೇ ನೋಡಿ!" ಎಂದ ಡೆರಿಕ್, ತನ್ನ ಕಷ್ಟ ಬಲ್ಲವರು ಸಿಕ್ಕರೆಂದು. "ಅಡಿಪಾಯಾನೇ ಇಲ್ಲ. ಬರೀ ಮರಳು. ಮೊನ್ನೆ ಮಳೆ ಬಂದಾಗಿಂದ ಒಂದು ಕಡೆಗೆ ವಾಲ್ತಾ ಇದೆ. ಯಾವತ್ತು ಕುಸಿಯುತ್ತೋ ಅಂತ ನಿದ್ದೆ ಇಲ್ಲ."

ಇಷ್ಟು ವರ್ಷ ಉಪದೇಶ ಮಾಡಿದರೂ ಇಂಥ ಮಾತು ತಮಗೆ ಹೊಳೆದಿರಲಿಲ್ಲವಲ್ಲ ಎಂದು ಪಾಸ್ಟರಿಗೆ ಅನ್ನಿಸಿತಂತೆ. "ಹೈಡಿಗೆ ಗೊತ್ತಾ?" ಎಂದರು.

"ಗೊತ್ತಿಲ್ಲದೆ ಏನು? ಊಟ ಆಗ್ತಿದ್ದ ಹಾಗೇ ಹೋಗು ಹೋಗು ಅಂತ ಅವಳೇ ತಳ್ತಾಳೆ. ಮಗು ಬರೋದರೊಳಗೆ ಮುಗಿಸಿಬಿಡು ಅಂತಾಳೆ."

"ಪಾಪ, ಮುಗಿಸಿಬಿಡು ಅಂದಳಲ್ಲ. ದೊಡ್ಡ ಮನಸ್ಸು."

"ಹೂಂ. ಮುಗಿಸಿದರೇನೇ ಕೊರಿನ್ ಹೆರಿಗೆಗೆ ಬರೋದು. ಆ ದಿನ ನಾವು ಮೂರೂ ಜನ ಒಂದೇ ಕೋಣೇಲಿ ಇರೋದು ಅಂತ ಮಾತಾಗಿದೆ."

ಪಾಸ್ಟರ್ ಕೈಲಿದ್ದ ಕಾಫಿ ಅವರ ಪ್ಯಾಂಟಿನ ಮೇಲೆ ಚೆಲ್ಲಿತು.

ಅವರು ಕೊಟ್ಟ ಮಾತಿಗೆ ತಪ್ಪುವವರಲ್ಲ. ರೈನೋಗೆ ಹೇಳಲೇ ಇಲ್ಲ. ಮನಸ್ಸಿನ ಭಾರ ತಡೆಯಲಾರದೆ ತಮ್ಮ ಹೆಂಡತಿಗೆ ಹೇಳಿದರು. ಅವರ ಹೆಂಡತಿಯೂ ರೈನೋಗೆ ಹೇಳಲಿಲ್ಲ. ವರ್ನಾಗೆ ಹೇಳಿದರು.

ರೈನೋ ಆಗ ತನ್ನ ಮನೆಯ ಮೆಟ್ಟಿಲು ರಿಪೇರಿ ಮಾಡುತ್ತಿದ್ದ. ಸುದ್ದಿ ಕೇಳಿದವನು ಸುತ್ತಿಗೆಯನ್ನೂ ಕೆಳಗಿಡದೆ ಕಾರು ಹತ್ತಿದ. ವರ್ನಾ ಓಡಿಬಂದು ಪಕ್ಕದಲ್ಲಿ ಕೂತಳು. ಅವಳ ಮಡಿಲಲ್ಲಿ ಆಗಷ್ಟೇ ಒಲೆಯಿಂದ ತೆಗೆದ ಮೀನು-ನೂಡಲ್ಸಿನ ಗಾಜಿನ ಬೋಗುಣಿ ಇತ್ತು. ಬೈಯುವುದಕ್ಕೇ ಆದರೂ ಒಬ್ಬರ ಮನೆಗೆ ಬರಿಗೈಯಲ್ಲಿ ಹೋಗುವ ಜನವಲ್ಲ ನಾವು. ಅವರ ಹಿಂದೆ ಲೊರೇನ್‌ಳ ಕಾರು, ಅದರ ಹಿಂದೆ ನನ್ನದು. ನಾನು ಹೋದದ್ದು ಜಗಳ ಬಿಡಿಸಲು. ಜಗಳವೇ ಇಲ್ಲದ ಕಡೆ ಬಿಡಿಸುವುದು ಕಷ್ಟವಾದ್ದರಿಂದ ಸ್ವಲ್ಪ ಕಾಯಬೇಕೆಂದು ದೂರ ನಿಂತೆ.

ಕೊರಿನ್‌ಳ ಹಿತ್ತಿಲಲ್ಲಿ ಡೆರಿಕ್ ಏಣಿಯ ಮೇಲಿದ್ದ. ಕೆಳಗೆ ಕೊರಿನ್ ಹಲಗೆ ಎತ್ತಿ ಹಿಡಿದಿದ್ದಳು.

"ಇಳಿ ಕೆಳಗೆ!" ಎಂದು ಗರ್ಜಿಸಿದ ರೈನೋ.

ಡೆರಿಕ್ ಇಳಿದ. ಅವನು ಇಳಿದ ಕೂಡಲೇ ಏಣಿ ಒರಗಿದ್ದ ಗೋಡೆಯೂ ತುಸು ಇಳಿಯಿತು. ರೈನೋನ ಕಣ್ಣು ಅಳಿಯನಿಂದ ಗೋಡೆಗೆ ಹೋಯಿತು. ಗೋಡೆಯಿಂದ ಚಾವಣಿಗೆ, ಚಾವಣಿಯಿಂದ ಬಾಗಿಲಿಗೆ. ಎತ್ತಿದ ಸುತ್ತಿಗೆ ನಿಧಾನವಾಗಿ ಕೆಳಗೆ ಬಂತು.

"ಏನಿದು?"

"ಸೌನಾ, ಮಾವ."

"ಎಲ್ಲಿ?"

"ಇದೇ."

"ಕೇಳಬೇಕಾದ್ದು ಕೇಳ್ರೀ!" ಎಂದು ವರ್ನಾ ಹಿಂದಿನಿಂದ ತಿವಿದಳು. "ಮಗಳ ಬಾಳು!"

"ತಡಿಯೇ. ಮೊದಲು ಇದನ್ನ ಕೇಳ್ತೀನಿ. ಲೇ, ಈ ಬಾಗಿಲು ಒಳಗಡೆಗೆ ತೆಗೆಯುತ್ತೇನೋ?"

"ಹೂಂ."

"ಸೌನಾ ಬಾಗಿಲು ಒಳಗೆ ತೆಗೆಯೋ ಹಾಗೆ ಇಡ್ತಾರೇನೋ? ಒಳಗಿರೋರು ತಲೆ ಸುತ್ತಿ ಬಿದ್ದರೆ ಹೆಣ ಅಡ್ಡ ಬಂದು ಬಾಗಿಲೇ ತೆಗೆಯಲ್ಲ! ಬೆಂಚು ಯಾಕೆ ಇಷ್ಟು ಕೆಳಗೆ? ಕಾಲು ಕಲ್ಲಿಗಿಂತ ಮೇಲಿರಬೇಕು ಅಂತ ಹುಟ್ಟಿದ ಮಗೂಗೂ ಗೊತ್ತು. ರಸಮಟ್ಟ ಇಟ್ಟು ನೋಡಿದೀಯಾ?"

"ನೋಡಿದೆ. ಗುಳ್ಳೆ ಎಲ್ಲೂ ಕಾಣಲಿಲ್ಲ. ರಸಮಟ್ಟವೇ ಕೆಟ್ಟಿದೆ ಅಂದುಕೊಂಡೆ."

ರೈನೋ ಕಣ್ಣು ಮುಚ್ಚಿಕೊಂಡ. "ಯಾರು ಹೇಳಿದರು ನಿನಗೆ ಇದು ಬರುತ್ತೆ ಅಂತ?"

"ನಮ್ಮಜ್ಜನ ಸೌನಾ..." ಎಂದು ಡೆರಿಕ್ ತೊದಲಿದ.

"ನಿಮ್ಮಜ್ಜನ ಸೌನಾ ಕಟ್ಟಿದ್ದು ನಮ್ಮಪ್ಪ! ನಿಮ್ಮಜ್ಜ ಬೇಲಿ ಮೇಲೆ ಕೂತು ಹಾರ್ಮೋನಿಕಾ ಊದ್ತಾ ಇದ್ದ!"

ಅಷ್ಟರಲ್ಲಿ ಹೈಡಿಯ ಕಾರು ಬಂತು. ವರ್ನಾ ದಾರಿಯಲ್ಲಿ ಅವಳಿಗೆ ಫೋನು ಮಾಡಿ 'ಧೈರ್ಯವಾಗಿರು ಮಗಳೇ' ಎಂದಷ್ಟೇ ಹೇಳಿ ಅತ್ತಿದ್ದಳು. ಹೈಡಿ ಸ್ಟೀರಿಂಗಿಗೂ ಸೀಟಿಗೂ ನಡುವಿನಿಂದ ಹೊಟ್ಟೆಯನ್ನು ಬಿಡಿಸಿಕೊಂಡು ಇಳಿದು ಏದುಸಿರು ಬಿಡುತ್ತ ಬಂದಳು.

"ಏನಮ್ಮ ಇದು? ಯಾರಿಗೇನಾಯ್ತು?"

"ಇವಳು ನಿನ್ನ ಗಂಡನ..." ಎಂದು ವರ್ನಾ ಕೊರಿನ್‌ಳತ್ತ ಬೊಟ್ಟು ಮಾಡಲು ಹೋದಳು. ಬೋಗುಣಿ ಎರಡೂ ಕೈಯಲ್ಲಿದ್ದುದರಿಂದ ಬೋಗುಣಿಯನ್ನೇ ಅವಳತ್ತ ತೋರಿಸಿದಳು.

"ಇವಳು ನನ್ನ ಡೂಲಾ!" ಎಂದಳು ಹೈಡಿ. "ಸೌನಾ ಇವಳ ಸಂಬಳ. ನಮ್ಮ ಹತ್ತಿರ ದುಡ್ಡಿಲ್ಲ. ಇವನಿಗೆ ಕೆಲಸ ಬರಲ್ಲ. ಆದರೂ ದಿನಾ ಬಂದು ಕೈ ಜಜ್ಜಿಕೊಂಡು ಹೋಗ್ತಿದಾನೆ. ಗೊತ್ತಾಯ್ತಾ?"

ಲೊರೇನ್ ಸರೋವರವನ್ನು ಅದೇ ಮೊದಲ ಸಲ ಕಂಡವಳ ಹಾಗೆ ನೋಡತೊಡಗಿದಳು.

"ಅಮ್ಮ, ಹೋದ ಸಲ ನಾನು ಒಬ್ಬಳೇ ಇದ್ದೆ," ಎಂದಳು ಹೈಡಿ, ದನಿ ಇಳಿಸಿ. "ಎಲ್ಲರೂ ಇವನ ಹಣೆ ನೋಡ್ತಿದ್ರು. ನಾನು ಸತ್ತೇ ಹೋಗ್ತೀನಿ ಅಂದುಕೊಂಡಿದ್ದೆ. ನಿನಗೆ ಹೇಳಿದರೆ ನಾನು ನಾಲ್ಕು ಹೆತ್ತೆ ಅಂತೀಯ."

ವರ್ನಾ ಬಾಯಿ ತೆರೆದಳು. ನಾಲ್ಕು ಎನ್ನುವ ಮಾತು ತುಟಿಯವರೆಗೆ ಬಂದದ್ದು ನಮಗೆಲ್ಲ ಕಂಡಿತು. ಅದು ಹೊರಗೆ ಬರಲಿಲ್ಲ. ಅವಳು ಬೋಗುಣಿಯನ್ನು ಕೊರಿನ್‌ಳ ಕೈಗಿಟ್ಟಳು.

"ಬಿಸಿ ಇದೆ. ಜೋಪಾನ," ಎಂದಳು.

ರೈನೋ ಆಗಲೇ ಬಾಗಿಲಿನ ಕೀಲು ಬಿಚ್ಚುತ್ತಿದ್ದ.

ಆಮೇಲಿನ ದಿನಗಳಲ್ಲಿ ಆ ಹಿತ್ತಿಲು ತುಂಬಿಹೋಯಿತು. ಬುದ್ಧಿ ಹೇಳಲೆಂದು ಬಂದವರೆಲ್ಲ ಬುದ್ಧಿ ಹೇಳಿದರು, ಆದರೆ ಹಲಗೆಗಳ ಬಗ್ಗೆ. ಒಲೆಯನ್ನು ಯಾವ ಮೂಲೆಯಲ್ಲಿಡಬೇಕೆಂದು ಲೊರೇನ್‌ಳ ಗಂಡನಿಗೂ ರೈನೋಗೂ ಮಾತು ಬಿಟ್ಟುಹೋಯಿತು. ಆದರೂ ಇಬ್ಬರೂ ಒಂದೇ ಹಲಗೆಯ ಎರಡು ತುದಿ ಹಿಡಿದು ಎತ್ತುತ್ತಿದ್ದರು. ಪಾಸ್ಟರ್ ಬಂದು ಅಡಿಪಾಯಕ್ಕೆ ಕಲ್ಲು ಹೊತ್ತರು; ಅಡಿಪಾಯದ ವಿಷಯದಲ್ಲಿ ತಮಗೆ ವಿಶೇಷ ಹೊಣೆಯಿದೆ ಎಂದರು. ಡೆರಿಕ್‌ಗೆ ಕಾಫಿ ಮಾಡುವ ಕೆಲಸ ಕೊಡಲಾಯಿತು. ಅದನ್ನು ಅವನು ಚೆನ್ನಾಗಿ ಮಾಡಿದ.

ಒಮ್ಮೆ ಅವನು ಕೊರಿನ್‌ಳ ಹತ್ತಿರ ಬಂದು ನಿಂತ. "ಇದನ್ನ ನಾನು ಕಟ್ಟಿದ ಹಾಗಾಗಲಿಲ್ಲ," ಎಂದ. "ಮಾತಿಗೆ ತಪ್ಪಿದ ಹಾಗಾಯ್ತಾ?"

"ನೀನು ಕಟ್ಟಿದ್ದರೆ ನಾನು ಒಳಗೆ ಹೋಗ್ತಿರಲಿಲ್ಲ," ಎಂದಳು ಕೊರಿನ್. "ಲೆಕ್ಕ ಚುಕ್ತಾ ಆಯ್ತು. ಹೋಗು, ಕಾಫಿ ತಾ."

ಆಗಸ್ಟಿನ ಒಂದು ಭಾನುವಾರ, ಬೆಳಗಿನ ತಿಂಡಿಯ ಹೊತ್ತಿಗೆ ಹೈಡಿಗೆ ನೋವು ಬಂತು. ಡೆರಿಕ್ ಕಾರು ತೆಗೆದ. ಹಿಂದಿನ ಸೀಟಿನಲ್ಲಿ ಹೈಡಿ, ಅವಳ ಸೊಂಟ ಒತ್ತುತ್ತ ಕೊರಿನ್, ಮುಂದೆ ವರ್ನಾ. ಊರು ಬಿಟ್ಟ ಮೇಲೆ ರೈಲುಹಳಿ ಬಂತು. ಡೆರಿಕ್ ಬಸ್ಸಿನ ಅಭ್ಯಾಸದಿಂದ ಕಾರು ನಿಲ್ಲಿಸಿ, ಬಾಗಿಲು ತೆಗೆದು, ರೈಲು ಬರುತ್ತಿದೆಯೇ ಎಂದು ಕಿವಿಗೊಟ್ಟು ಕೇಳಿದ.

"ಇಲ್ಲಿ ರೈಲು ನಿಂತು ನಲವತ್ತು ವರ್ಷ ಆಯ್ತು ಕಣೋ!" ಎಂದು ವರ್ನಾ ಕಿರುಚಿದಳು.

ಕಾಲುವೆ ಹತ್ತಿರ ಬಂದರೆ ದೋಣಿಗೆ ದಾರಿ ಬಿಡಲು ಸೇತುವೆ ಮೇಲೆದ್ದಿತ್ತು. ಕೆಳಗೆ ಹಾಯಿದೋಣಿಯೊಂದು, ಭಾನುವಾರವೆಲ್ಲ ತನ್ನದೇ ಎಂಬಂತೆ ಮೆಲ್ಲಗೆ ಸಾಗುತ್ತಿತ್ತು. ಡೆರಿಕ್‌ನ ಮುಖ ಬಿಳುಚಿತು. ವರ್ನಾ ಕಿಟಕಿಯಿಂದ ತಲೆ ಹೊರಗೆ ಹಾಕಿ ದೋಣಿಯವನಿಗೆ ಬೈಯತೊಡಗಿದಳು. ಹೈಡಿ ಹಲ್ಲು ಕಚ್ಚಿ, "ಆಗಲ್ಲ, ನನ್ನ ಕೈಲಿ ಆಗಲ್ಲ," ಎಂದಳು.

ಕೊರಿನ್ ದನಿ ಏರಿಸಲಿಲ್ಲ. "ಆಗ್ತಾ ಇದೆ," ಎಂದಳು. "ನೀನು ಆಗಿಸ್ತಾ ಇದೀಯ. ನನ್ನ ನೋಡು. ದೋಣಿ ಹೋಗುತ್ತೆ, ಸೇತುವೆ ಇಳಿಯುತ್ತೆ, ನೋವೂ ಇಳಿಯುತ್ತೆ. ಉಸಿರು ಬಿಡು. ಡೆರಿಕ್, ನೀನೂ ಬಿಡು, ಆಗಿಂದ ಹಿಡ್ಕೊಂಡಿದೀಯ. ವರ್ನಾ, ನೀವೂ ತಲೆ ಒಳಗೆ ತಗೊಳ್ಳಿ."

ಮೂರೂ ಜನ ಉಸಿರು ಬಿಟ್ಟರು. ದೋಣಿ ಹೋಯಿತು. ಸೇತುವೆ ಇಳಿಯಿತು.

ಆಸ್ಪತ್ರೆಯಲ್ಲಿ ಕೊರಿನ್ ಮೊದಲು ಮಾಡಿದ ಕೆಲಸ ಡೆರಿಕ್‌ನನ್ನು ಹೆಂಡತಿಯ ತಲೆಯ ಹತ್ತಿರ ನೆಲದ ಮೇಲೆಯೇ ಕೂರಿಸಿದ್ದು. "ಬೀಳೋದಾದರೆ ಇಲ್ಲಿಂದಲೇ ಬೀಳು, ದೂರ ಇಲ್ಲ," ಎಂದಳು. ಅವನು ಕಣ್ಣು ಮುಚ್ಚಿ ಹೈಡಿಯ ಕೈ ಹಿಡಿದುಕೊಂಡ. ವರ್ನಾ ಮೂಲೆಯಲ್ಲಿ ಪರ್ಸು ಅಪ್ಪಿಕೊಂಡು ನಿಂತಿದ್ದಳು. ಕೊರಿನ್ ಅವಳ ಎರಡೂ ಅಂಗೈ ಹಿಡಿದು ಮಗಳ ಸೊಂಟದ ಮೇಲಿಟ್ಟು, ಹೇಗೆ ಒತ್ತಬೇಕೆಂದು ತೋರಿಸಿದಳು. ವರ್ನಾ ಒತ್ತಿದಳು.

"ಅಲ್ಲೇ ಅಮ್ಮ," ಎಂದಳು ಹೈಡಿ. "ಬಿಡಬೇಡ."

"ನಂಗೆ ಇದನ್ನ ಯಾರೂ ಮಾಡಲಿಲ್ಲ," ಎಂದಳು ವರ್ನಾ, ಯಾರಿಗೆಂದಿಲ್ಲ. ಮಗು ಹುಟ್ಟುವವರೆಗೂ ಅವಳು ಕೈ ತೆಗೆಯಲಿಲ್ಲ, ಮೂಗು ಒರಸಿಕೊಳ್ಳಲು ಕೂಡ.

ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ಮಗು ಅತ್ತಿತು, ಹೈಡಿ ನಕ್ಕಳು, ಡೆರಿಕ್ ಕಣ್ಣು ಬಿಟ್ಟ. ಎಚ್ಚರವಾಗಿಯೇ ಇದ್ದ. "ಬಿದ್ದಿಲ್ಲ ನಾನು," ಎಂದು ನರ್ಸುಗಳಿಗೆಲ್ಲ ಒಬ್ಬೊಬ್ಬರಾಗಿ ಹೇಳಿದ. "ಸ್ವಲ್ಪ ಹಣೆ ನೋಡಿ, ಏನೂ ಆಗಿಲ್ಲ."

ನಾನು, ಲೊರೇನ್, ರೈನೋ ಹೊರಗೆ ಬೆಂಚಿನ ಮೇಲಿದ್ದೆವು. ಸುದ್ದಿ ತಂದ ಕೊರಿನ್‌ಳ ಕೂದಲು ಕೆದರಿತ್ತು, ತೋಳಿನ ಮೇಲೆ ಹೈಡಿಯ ಉಗುರು ಗೀರಿದ ಗುರುತುಗಳಿದ್ದವು. ಲೊರೇನ್ ಓಡಿಹೋಗಿ ಅವಳಿಗೆ ಪ್ಯಾಸ್ಟಿ ಕೊಟ್ಟಳು, ಎರಡು, ದುಡ್ಡು ಕೇಳದೆ. ನಾನು ಕಾಫಿ ತರಲು ಎದ್ದೆ. ಆಗ ರೈನೋ ತನ್ನ ಟೋಪಿ ತೆಗೆದು, ಅದನ್ನು ಮಡಚುತ್ತ ಕೊರಿನ್‌ಳ ಹತ್ತಿರ ಹೋದದ್ದು ಕಂಡು ನಾನು ಕಾಫಿ ಯಂತ್ರದ ಪಕ್ಕದಲ್ಲೇ ನಿಂತೆ.

"ನೀವು ಗಂಡಸರಿಗೂ ಬರ್ತೀರಾ?" ಎಂದ ರೈನೋ.

"ಯಾವುದಕ್ಕೆ?"

"ಮೊಣಕಾಲು. ಅಕ್ಟೋಬರಿನಲ್ಲಿ ಕೊಯ್ದು ಹೊಸದು ಹಾಕ್ತಾರಂತೆ. ವರ್ನಾಗೆ ಇನ್ನೂ ಹೇಳಿಲ್ಲ."

"ಕೈ ಹಿಡೀಬೇಕಾ?"

ರೈನೋ ಕಾರಿಡಾರಿನ ಆ ತುದಿ ನೋಡಿದ, ಈ ತುದಿ ನೋಡಿದ. "ಹಿಡೀಲೇಬೇಕು ಅಂತೇನಿಲ್ಲ. ಪಕ್ಕದಲ್ಲಿದ್ದರೆ ಸಾಕು. ನಿಮ್ಮ ಮನೆ ಚಾವಣಿ ಪೂರ್ತಿ ಬದಲಾಯಿಸಿಕೊಡ್ತೀನಿ."

"ಚಾವಣಿ ದೊಡ್ಡ ಕೆಲಸ ರೈನೋ," ಎಂದಳು ಕೊರಿನ್. "ಒಂದು ಮೊಣಕಾಲಿಗೆ ಅದು ಜಾಸ್ತಿ ಆಯ್ತು."

ರೈನೋ ಟೋಪಿಯನ್ನು ಇನ್ನೊಂದು ಮಡಿಕೆ ಮಡಚಿದ.

"ಹಾಗಾದ್ರೆ ಎರಡೂ ಮೊಣಕಾಲು," ಎಂದ.